ಕೆಂಪು ಕಾರಿಗೆ ಎರಡಂಕಿ ಮೈಲೇಜು

ಕೊಳ್ಳೇಗಾಲದಲ್ಲಿರುವ ನನ್ನ ಅಂಗಡಿಯ ಬೋರ್ಡಿನಲ್ಲಿ ಅಂಗಡಿಯ ಹೆಸರಿಗಿಂತ ‘ಬಿ.ಇ.’ ಎನ್ನುವುದೇ ದೊಡ್ಡದಾಗಿದೆ. ಬೋರ್ಡು ಬರೆದವನ ತಪ್ಪಲ್ಲ ಅದು. ನಾನೇ ಏಣಿಯ ಕೆಳಗೆ ನಿಂತು, ಇನ್ನೂ ದಪ್ಪ, ಇನ್ನೂ ದಪ್ಪ ಅಂತ ಬರೆಸಿದ್ದು. ಬಿಸಿನೀರಿನಲ್ಲಿ ಕೈ ಅದ್ದಿ ಅದ್ದಿ ರೇಷ್ಮೆ ನೂಲು ತೆಗೆದವಳು ನಮ್ಮವ್ವ. ನಮ್ಮ ಮನೆತನದಲ್ಲಿ ಕಾಲೇಜು ಮುಗಿಸಿದ ಮೊದಲನೆಯವಳು ನಾನು. ಗಣಿತದ ಒಂದು ಪೇಪರು ನನ್ನನ್ನು ಬೀಳಿಸಿದಷ್ಟು ಬೇರೆ ಯಾರೂ ಬೀಳಿಸಿಲ್ಲ. ಅಷ್ಟು ಒದ್ದಾಡಿ ಸಂಪಾದಿಸಿದ್ದನ್ನು ಸಣ್ಣಕ್ಷರದಲ್ಲಿ ಯಾಕೆ ಬರೆಸಲಿ?

ನನ್ನ ಕೆಲಸ ಏನೆಂದು ಹೇಳಿಬಿಡುತ್ತೇನೆ. ಈಗಿನ ಕಾರುಗಳ ಎಂಜಿನ್ನಿಗೆ ಒಂದು ಕಂಪ್ಯೂಟರಿರುತ್ತದೆ. ಎಷ್ಟು ಗಾಳಿಗೆ ಎಷ್ಟು ಪೆಟ್ರೋಲು, ಯಾವಾಗ ಕಿಡಿ, ಯಾವಾಗ ಗೇರು, ಎಲ್ಲ ತೀರ್ಮಾನವೂ ಅದರದೇ. ಅದರೊಳಗಿನ ಲೆಕ್ಕವನ್ನು ಲ್ಯಾಪ್‌ಟಾಪಿನಲ್ಲಿ ಓದಿ, ತಿದ್ದಿ, ತಿರುಗಿ ಬರೆಯುವವಳು ನಾನು. ಗಿರಾಕಿಗಳು ಬಂದು “ಮೆಕಾನಿಕ್ ಇಲ್ವಾ?” ಅನ್ನುತ್ತಾರೆ. “ನಾನೇ” ಅಂದರೆ ನನ್ನ ಹಿಂದೆ ಇಣುಕಿ ನೋಡುತ್ತಾರೆ. ಅವ್ವನಿಗೂ ಇದೊಂದು ಕೆಲಸ ಅಂತ ಪೂರ್ತಿ ನಂಬಿಕೆಯಿಲ್ಲ. “ನಮ್ ಮಗ್ಳುದು ಕೈಗೆ ಮಸಿ ಅಂಟ್ದೇ ಇರ ಗ್ಯಾರೇಜು” ಅಂತ ಬೀದಿಯವರಿಗೆಲ್ಲ ಹೇಳುತ್ತಾಳೆ. ಅದು ಹೊಗಳಿಕೆಯೋ ದೂರೋ ಇವತ್ತಿಗೂ ನನಗೆ ಗೊತ್ತಾಗಿಲ್ಲ.

ಒಂದು ಬೆಳಿಗ್ಗೆ ಪಟಾಕಿ ಸರ ಹಚ್ಚಿದ ಹಾಗೆ ಸದ್ದು ಮಾಡಿಕೊಂಡು ಅಂಗಡಿಯ ಮುಂದೆ ಒಂದು ಕಾರು ನಿಂತಿತು. ಕೆಂಪು ಬಣ್ಣ, ಎರಡೇ ಬಾಗಿಲು, ನೆಲಕ್ಕೆ ಹೊಟ್ಟೆ ತಾಗಿಸಿಕೊಂಡ ಹಾಗೆ ಕೂತ ಸ್ಪೋರ್ಟ್ಸ್ ಕಾರು. ಅದರಿಂದ ಯಳಂದೂರಿನ ಶಾಮಿಯಾನದ ಅಂಗಡಿಯ ಯಜಮಾನರು ಇಳಿದರು. ಇಳಿದರು ಅನ್ನುವುದಕ್ಕಿಂತ ಬಾಗಿಲ ಚೌಕಟ್ಟು ಹಿಡಿದು ಮೇಲೆ ಬಂದರು ಅನ್ನಬೇಕು. ಮದುವೆ ಮನೆಗಳಿಗೆ ಚಪ್ಪರ, ಕುರ್ಚಿ, ಪಾತ್ರೆ ಬಾಡಿಗೆಗೆ ಕೊಡುತ್ತಿದ್ದವರು ಈಗ ಮದುಮಗನ ಮೆರವಣಿಗೆಗೆ ಕಾರನ್ನೂ ಕೊಡೋಣ ಅಂತ ಸೆಕೆಂಡ್ ಹ್ಯಾಂಡಿನಲ್ಲಿ ಇದನ್ನು ತಂದಿದ್ದರು. ಪೇಟ ಸುತ್ತಿದ ಮದುಮಗ ಅದರೊಳಗೆ ಕೂರುವುದೇ ಕಷ್ಟ. ಛತ್ರದ ಮುಂದೆ ಇಳಿಯುವಾಗ ಪೇಟ ಮೊದಲು ಬರಬೇಕೋ ಕಾಲು ಮೊದಲು ಬರಬೇಕೋ ತಿಳಿಯದೆ ನಾಲ್ಕು ಜನ ಸೇರಿ ಎಳೆಯುತ್ತಿದ್ದರು. ಆದರೂ ಬೇಡಿಕೆ ಇತ್ತು.

“ಇಂಜಿನಿಯರಮ್ಮಾ, ಈ ಗಾಡಿಗೆ ಒಸಿ ಮೈಲೇಜ್ ಬರ ಅಂಗೆ ಮಾಡ್ಕೊಡವ್ವ” ಅಂದರು.

ನಾನು ನಗಲಿಲ್ಲ. ಬಿ.ಇ. ಮಾಡಿದವರು ಗಿರಾಕಿಯ ಮುಂದೆ ನಗಬಾರದು. “ಈಗ ಎಷ್ಟು ಕೊಡ್ತದೆ ಅಣ್ಣ?”

“ಆರು. ಅದ್ಕೆ ಮನಸ್ ಬಂದ್ರೆ.”

“ಸ್ಪೋರ್ಟ್ಸ್ ಕಾರು ತಕಂಡು ಮೈಲೇಜು ಕೇಳ್ತೀರಲ್ಲ!”

“ನಾನೆಲ್ಲವ್ವಾ ಕೇಳ್ದೆ? ನಮ್ಮನೆಯವ್ಳು ಕೇಳ್ತಾವ್ಳೆ. ‘ಇದು ಪೆಟ್ರೋಲ್ ಕುಡೀತದೋ, ಇಲ್ಲಾ ಪೆಟ್ರೋಲಲ್ಲಿ ಮೀತದೋ’ ಅಂತವ್ಳೆ. ಗಾಡಿ ಅವಳ ಎಸ್ರಲ್ಲೇ ಅದೆ. ಎರಡಂಕಿ ಬರ್ಬೇಕಂತೆ. ಬರ್ಲಿಲ್ಲ ಅಂದ್ರೆ ಭಾನ್ವಾರ ಮೈಸೂರಿಂದ ಗಿರಾಕಿ ಬತ್ತಾನೆ, ಕೊಟ್ಬುಡ್ತಳೆ.” ಆಮೇಲೆ ಬಾನೆಟ್ಟಿನ ಮೇಲೆ ಕೈಯಿಟ್ಟು, ಹಸುವಿನ ಬೆನ್ನು ಸವರಿದ ಹಾಗೆ ಸವರಿ, ಮೆಲ್ಲಗೆ ಹೇಳಿದರು: “ಇದು ಓದ್ರೆ ನಂಗೆ ಅನ್ನ ಸೇರಾಕಿಲ್ಲ ಕಣವ್ವಾ.”

ಆ ಮಾತಿಗೆ ನಾನು ಒಪ್ಪಿಕೊಂಡೆ.

ಕಂಪ್ಯೂಟರಿನ ಮೂಲ ಲೆಕ್ಕವನ್ನು ಮೊದಲು ಇಳಿಸಿಟ್ಟುಕೊಂಡೆ. ಓದಿ ನೋಡಿದರೆ ಅದೊಂದು ಸಿಡುಕಿನ ಸ್ವಭಾವ. ಆಕ್ಸಿಲರೇಟರಿಗೆ ಕಾಲಿನ ಹೆಬ್ಬೆರಳು ತಾಗಿಸಿದರೂ, ಯಾರೋ ಅಟ್ಟಿಸಿಕೊಂಡು ಬಂದಿದ್ದಾರೆ ಅಂತ ತಿಳಿದು ಪೆಟ್ರೋಲು ಸುರಿಯುವುದು. ಗೇರನ್ನು ಕೊನೆವರೆಗೆ ಎಳೆದಾಡುವುದು. ಇನ್ನು ಆ ಪಟಪಟ ಸದ್ದು. ಅದು ಕಾಲು ತೆಗೆದ ಮೇಲೂ ಬೇಕಂತಲೇ ಪೆಟ್ರೋಲು ಬಿಟ್ಟು ಸೈಲೆನ್ಸರಿನೊಳಗೆ ಸಿಡಿಸುವ ಆಟ.

“ಅಣ್ಣ, ಈ ಸದ್ದು ತೆಗೀಬೇಕಾಯ್ತದೆ.”

“ಅದೊಂದ್ ಬ್ಯಾಡ! ಸದ್ದು ಇರ್ಲಿ, ಮೈಲೇಜು ಬರ್ಲಿ.”

“ಆ ಸದ್ದೇ ಪೆಟ್ರೋಲು.”

ಅವರು ಕಾರಿನ ಹಿಂದೆ ಹೋಗಿ ಸೈಲೆನ್ಸರನ್ನು ಬಗ್ಗಿ ನೋಡಿದರು. ಕೊನೆಗೆ “ಆಯ್ತು, ತೆಗಿ” ಅಂದು ಆಚೆ ತಿರುಗಿ ನಿಂತರು. ತಿದ್ದಿದ ಲೆಕ್ಕವನ್ನು ಕಾರಿಗೆ ಬರೆಯುವಾಗ ಬಾಗಿಲು ತೆಗೆಯಬೇಡಿ, ಹಾರನ್ ಮುಟ್ಟಬೇಡಿ ಅಂತ ಹೇಳಿದ್ದೆ. ಅದನ್ನೆಲ್ಲ ಪಾಲಿಸಿದರು. ಬರೆದು ಮುಗಿದ ಮೇಲೆ ಮಾತ್ರ ಕರ್ಪೂರ ಹಚ್ಚಿ ಕಾರಿಗೆ ಬೆಳಗಿ, ನಾನು ತಡೆಯುವಷ್ಟರಲ್ಲಿ ನನ್ನ ಲ್ಯಾಪ್‌ಟಾಪಿಗೂ ಬೆಳಗಿದರು.

ಶನಿವಾರ ಪರೀಕ್ಷೆ. ಯಜಮಾನರ ಹೆಂಡತಿಯೇ ಬಂದರು. ಅವರನ್ನು ನಾನು ಅಕ್ಕ ಅನ್ನುತ್ತೇನೆ. ಪಾತ್ರೆ, ಕುರ್ಚಿ ತುಂಬಿದ ಟೆಂಪೋವನ್ನು ಮದುವೆ ಮನೆಗಳಿಗೆ ದಿನಾ ಓಡಿಸುವವರು ಅವರೇ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ ಕೊಳ್ಳೇಗಾಲದ ಬಂಕಿನಲ್ಲಿ ಟ್ಯಾಂಕು ಬಾಯಿಮಟ್ಟ ತುಂಬಿಸಿದರು. ಹನೂರಿಗೆ ಹೋಗಿ ಬಂದು, ಅದೇ ಬಂಕಿನಲ್ಲಿ ಮತ್ತೆ ಬಾಯಿಮಟ್ಟ ತುಂಬಿಸಿ, ಎಷ್ಟು ಹಿಡಿಯಿತು ನೋಡುವುದು ಅಂತ ಮಾತಾಗಿತ್ತು. ಯಜಮಾನರು ಡ್ರೈವರ್ ಸೀಟಿನ ಕಡೆ ಹೊರಟರು.

“ಎತ್ಲಗೆ?” ಅಂದರು ಅಕ್ಕ.

“ಓಡ್ಸಾಕೆ.”

“ನೀವ್ ಕುಂತ್ರೆ ಟೀ ಅಂಗ್ಡಿ ಕಂಡಲ್ಲೆಲ್ಲಾ ಎಕ್ಸಲೇಟ್ರು ಒತ್ತೀರಿ. ಅತ್ಲಾಗ್ ಕುಂತ್ಕಳಿ.”

ನನ್ನ ಜಾಗ ಹಿಂದೆ. ಆ ಕಾರಿನ ಹಿಂದಿನ ಸೀಟು ಕೈಚೀಲ ಇಡಲು ಮಾಡಿದ್ದಿರಬೇಕು. ಮೊಣಕಾಲನ್ನು ಗಲ್ಲಕ್ಕೆ ಕೊಟ್ಟು, ಲ್ಯಾಪ್‌ಟಾಪನ್ನು ಎದೆಗೆ ಅವಚಿಕೊಂಡು ಕೂತೆ.

ಅಕ್ಕ ಟೆಂಪೋದಲ್ಲಿ ಗಾಜಿನ ಲೋಟ ಒಯ್ಯುವ ಹಾಗೆಯೇ ಓಡಿಸಿದರು. ಬ್ರೇಕು ಮುಟ್ಟುವುದೇ ಇಲ್ಲ, ಹಂಪು ದೂರದಲ್ಲಿ ಕಂಡರೆ ಆಗಲೇ ಕಾಲು ತೆಗೆಯುತ್ತಾರೆ. ನಾನು ಬರೆದ ಲೆಕ್ಕವೂ ಆ ಕಾಲೂ ಹೇಳಿ ಮಾಡಿಸಿದ ಹಾಗೆ ಹೊಂದಿಕೊಂಡವು. ಹನೂರು ಬಸ್ ಸ್ಟ್ಯಾಂಡಿನ ಹತ್ತಿರ ಬರುವಷ್ಟರಲ್ಲಿ ಮೀಟರಿನ ಪರದೆ ಹದಿಮೂರು ತೋರಿಸುತ್ತಿತ್ತು. ಯಜಮಾನರು ಹಿಂದೆ ತಿರುಗಿ ನನಗೆ ಕೈ ಮುಗಿದರು. ಅಷ್ಟರಲ್ಲಿ ಒಬ್ಬ ಹಿರಿಯರು ಕಿಟಕಿ ಬಡಿದು, “ಕೊಳ್ಳೇಗಾಲಕ್ಕಾ ಸಾ? ಒಂದ್ ಸೀಟದಾ?” ಅಂತ ಬಗ್ಗಿ ನೋಡಿ, ಹಿಂದೆ ಮಡಚಿಕೊಂಡು ಕೂತಿದ್ದ ನನ್ನನ್ನು ಕಂಡು, “ಬ್ಯಾಡ ಬುಡಿ, ಬಸ್ ಬತ್ತದೆ” ಅಂದು ಹೋದರು.

ವಾಪಸು ಬರುವಾಗ ಮುಖ್ಯ ರಸ್ತೆಯ ಒಂದು ಕಡೆ ಅಗೆದು ಹಾಕಿದ್ದರು. ಅಕ್ಕ ಒಳದಾರಿಗೆ ತಿರುಗಿಸಿದರು. ಒಂದು ಊರು ದಾಟಿ ತಿರುವಿನಲ್ಲಿ ಬಂದರೆ, ರಸ್ತೆ ಕಾಣದಂತೆ ಉದ್ದಕ್ಕೂ ಹುರುಳಿ ಗಿಡ ಹಾಸಿದ್ದರು. ನಮ್ಮ ಕಡೆ ಸುಗ್ಗಿಯಲ್ಲಿ ಇದು ಮಾಮೂಲು. ಕಣ ಮಾಡುವ ಗೋಜಿಲ್ಲ. ಕಿತ್ತ ಗಿಡ ಡಾಂಬರಿನ ಮೇಲೆ ಹರಡಿದರೆ, ಹೋಗಿ ಬರುವ ಬಸ್ಸು ಲಾರಿ ಟ್ರ್ಯಾಕ್ಟರುಗಳೇ ತುಳಿದು ಕಾಳು ಬಿಡಿಸಿಕೊಡುತ್ತವೆ.

ಅಕ್ಕ ನಿಲ್ಲಿಸಿದರು. ಅಂಚಿನಲ್ಲಿ ಕವೆಗೋಲು ಹಿಡಿದು ನಿಂತಿದ್ದ ಅಜ್ಜಿಯೊಬ್ಬಳು ಕೂಗಿದಳು: “ಯಾಕವ್ವ ನಿಂತ್ಕಂಡೆ? ಅದ್ರ ಮ್ಯಾಲೇ ಒಡಿ, ಒಡಿ!”

“ಅಕ್ಕ, ಬ್ಯಾಡ. ಈ ಕಾರಿನ ಹೊಟ್ಟೆ ಕೆಳಗದೆ” ಅಂದೆ ನಾನು. ಹಿಂದೆ ಹಾಲಿನ ಟೆಂಪೋ ಹಾರನ್ ಒತ್ತತೊಡಗಿತು.

“ಏನಾಗಾಕಿಲ್ಲ, ಒಡಿ” ಅಂದರು ಯಜಮಾನರು.

ಸ್ವಲ್ಪ ದೂರ ಹೋದೆವು. ಹುರುಳಿ ಬಳ್ಳಿ ಕಾರಿನ ಕೆಳಗೆ ಸೇರಿಕೊಂಡು, ಸುತ್ತಿಕೊಂಡು, ಚಾಪೆ ಎಳೆದ ಹಾಗೆ ಇಡೀ ಬೆಳೆಯೇ ನಮ್ಮ ಜೊತೆ ಹೊರಟಿತು. ಆಮೇಲೆ ಕಾರು ನಿಂತೇ ಹೋಯಿತು. ಒಂದು ನಿಮಿಷಕ್ಕೆ ಘಮ್ಮೆಂದು ವಾಸನೆ ಬಂತು.

“ಯಾರೋ ಉಳ್ಳಿ ಉರೀತಾವ್ರೆ” ಅಂದರು ಯಜಮಾನರು, ಮೂಗರಳಿಸಿ.

“ನಾವೇ ಅಣ್ಣ! ಕೆಳಗೆ ಸೈಲೆನ್ಸರು ಕಾದದೆ! ಅಕ್ಕ, ಎಂಜಿನ್ ಆಫ್ ಮಾಡಿ, ಎಲ್ರೂ ಇಳೀರಿ!”

ಅಕ್ಕ ಇಳಿದರು. ನಾನು ಇಳಿಯಬೇಕಾದರೆ ಮುಂದಿನ ಸೀಟು ಬಗ್ಗಬೇಕು. ಅಕ್ಕನ ಕಡೆಯ ಸೀಟಿನ ಹಿಡಿ ಬಿಗಿದುಕೊಂಡಿತ್ತು. ಯಜಮಾನರ ಕಡೆ ಯಜಮಾನರೇ ಬಿಗಿದುಕೊಂಡಿದ್ದರು. ನಾನು ಹಿಂದಿನಿಂದ ನೂಕಿದೆ, ಅಕ್ಕ ಮುಂದಿನಿಂದ ಎಳೆದರು. ಮದುಮಕ್ಕಳನ್ನು ಎಳೆದು ರೂಢಿಯಿದ್ದ ಯಜಮಾನರೇ ಆವತ್ತು ಮದುಮಗನ ಹಾಗೆ ಹೊರಗೆ ಬಂದರು.

ಬೆಂಕಿ ಹತ್ತಲಿಲ್ಲ, ಹೊಗೆಯಷ್ಟೇ. ಹಾಲಿನ ಟೆಂಪೋದವನು ಕ್ಯಾನು ತೊಳೆಯುವ ನೀರು ತಂದು ಎರಚಿದ. ಯಜಮಾನರು ಬಿಳಿ ಪಂಚೆಯಲ್ಲೇ ಡಾಂಬರಿನ ಮೇಲೆ ಅಂಗಾತ ಮಲಗಿ, ಕಾರಿನ ಕೆಳಗೆ ಕೈ ಹಾಕಿ, ಬಳ್ಳಿ ಹಿರಿದು ಹಿರಿದು ತೆಗೆದರು.

ಅಜ್ಜಿ ಕಾರನ್ನು ಒಂದು ಸುತ್ತು ಹಾಕಿ ನೋಡಿದಳು. “ಉಳ್ಳಿ ಮ್ಯಾಲೆ ಓಡಾಕಾಗ್ದೇ ಇರ ಇದ್ಯಾತರ ಗಾಡಿಯವ್ವಾ? ಹಿಂದ್ಲೆರಡು ಬಾಗ್ಲು ಎಲ್ಲಿ ಉದುರೋದ್ವು?”

“ಇದು ಸ್ಪೋರ್ಟ್ಸ್ ಗಾಡಿ ಕಣಜ್ಜಿ” ಅಂದರು ಯಜಮಾನರು ಮಲಗಿದ್ದಲ್ಲಿಂದಲೇ.

“ಅಂಗಂತ ನನ್ ಉಳ್ಳಿ ಗುಡ್ಡೆ ಮಾಡ್ಬುಟ್ಟು ಓಯ್ತೀಯಾ? ಎಂಗಿತ್ತೋ ಅಂಗೆ ಹಾಸ್ಬುಟ್ಟು ಓಗು.”

ನ್ಯಾಯವಾದ ಮಾತು. ಮೂವರೂ ಬಗ್ಗಿ ಹುರುಳಿ ಹಾಸಿದೆವು. ಕಾರಿನಡಿ ಸುಟ್ಟು ಕರಿಯಾದ ಬಳ್ಳಿಯಿಂದ ನನ್ನ ಎರಡು ಕೈಯೂ ಕಪ್ಪಗಾದವು. ಅವ್ವ ನೋಡಬೇಕಿತ್ತು, ನನ್ನ ಕೈಗೆ ಕೊನೆಗೂ ಮಸಿ ಹತ್ತಿತ್ತು. ಅಜ್ಜಿ ಅಂಚಿನಲ್ಲಿ ಒಂದು ಕಾರಿನಷ್ಟು ದಾರಿ ಬಿಡಿಸಿ ನಮ್ಮನ್ನು ಕಳಿಸಿದಳು.

ಹೊತ್ತಾಗಿತ್ತು. ಸಂಜೆ ಅಕ್ಕನಿಗೆ ಹೊನ್ನೂರಿನ ಒಂದು ಮದುವೆ ಮನೆಗೆ ಪಾತ್ರೆ ತಲುಪಿಸುವುದಿತ್ತು. ಖಾಲಿ ರಸ್ತೆ ಸಿಕ್ಕಿದ್ದೇ ಆಕ್ಸಿಲರೇಟರು ಒತ್ತಿದರು. ಕಾರು ಆಕಳಿಸಿತು.

“ಯಾಕಮ್ಮಿ, ಎಳೀತಾನೇ ಇಲ್ಲ? ಉಳ್ಳಿ ಒಳೀಕ್ ಓಯ್ತಾ?”

“ಇಲ್ಲ ಅಕ್ಕ. ನಾನೇ ಅಂಗೆ ಮಾಡಿದೀನಿ. ಮೈಲೇಜಿಗೆ.”

“ಮೊದ್ಲು ಎಂಗಿತ್ತು? ನಾನೊಂದ್ ದಿನಾನೂ ಓಡ್ಸೇ ಇಲ್ವಲ್ಲಾ.”

“ಮೊದಲಿಂದು ಇಲ್ಲೇ ಅದೆ” ಅಂತ ಲ್ಯಾಪ್‌ಟಾಪು ತಟ್ಟಿದೆ. ನನ್ನ ಬಾಯಿ ಸುಮ್ಮನಿರಬೇಕಿತ್ತು.

“ಒಸಿ ಆಕು, ನೋಡವ.”

“ಬ್ಯಾಡ! ಎರಡಂಕಿ ಓಯ್ತದೆ!” ಯಜಮಾನರು ಸೀಟಿನಲ್ಲಿ ಪೂರ್ತಿ ತಿರುಗಿದರು. “ಇಂಜಿನಿಯರಮ್ಮಾ, ನಿನ್ ಕಾಲ್ಗ್ ಬೀಳ್ತೀನಿ, ಆಕ್ಬ್ಯಾಡ!”

ಅಕ್ಕ ಆಗಲೇ ಹುಣಸೆ ಮರದ ನೆರಳಿಗೆ ಕಾರು ನಿಲ್ಲಿಸಿದ್ದರು. ಗಾಡಿ ಯಾರ ಹೆಸರಿನಲ್ಲಿದೆ ಅನ್ನುವುದು ನನಗೆ ನೆನಪಿತ್ತು. ಮೂಲ ಲೆಕ್ಕವನ್ನು ತಿರುಗಿ ಬರೆದೆ.

ಅಕ್ಕ ಮೊದಲು ಮೆಲ್ಲಗೆ ಹೊರಟರು. ಆಮೇಲೆ ಒತ್ತಿದರು. ನನ್ನ ತಲೆ ಹಿಂದಿನ ಗಾಜಿಗೆ ಬಡಿಯಿತು. ಹುಣಸೆ ಮರ ಎತ್ತ ಹೋಯಿತೋ ಕಾಣಲಿಲ್ಲ. ಅಕ್ಕ ಕಾಲು ತೆಗೆದರು: ಪಟ್ ಪಟ್ ಪಟಾರ್! ಗದ್ದೆಯ ಬೆಳ್ಳಕ್ಕಿಗಳೆಲ್ಲ ಎದ್ದವು. ಅಕ್ಕ “ಅವ್ವವ್ವಾ!” ಅಂದು ನಕ್ಕರು. ಅವರು ಅಷ್ಟು ಜೋರಾಗಿ ನಕ್ಕಿದ್ದನ್ನು ನಾನು ಕಂಡಿರಲಿಲ್ಲ. ಮುಖ ನೋಡಿದರೆ ಯಜಮಾನರೂ ಕಂಡ ಹಾಗಿರಲಿಲ್ಲ.

“ಮೆಲ್ಲುಕ್ಕೆ! ಪೆಟ್ರೋಲು! ಪೆಟ್ರೋಲು ಕಣೇ!” ಅಂತ ಅವರು ಕೊಳ್ಳೇಗಾಲದವರೆಗೂ ಕೂಗಿಕೊಂಡು ಬಂದರು. ಪೆಟ್ರೋಲು ಉಳಿಸಿ ಅಂತ ಆ ಮನುಷ್ಯ ಜೀವನದಲ್ಲಿ ಹೇಳಿದ್ದು ಅದೇ ಮೊದಲು. ಪ್ರತಿ ಸಲ ಕೂಗಿದಾಗಲೂ ಅಕ್ಕ ಇನ್ನೊಂದು ಸಲ ಒತ್ತಿದರು.

ಬಂಕಿನಲ್ಲಿ ಬಾಯಿಮಟ್ಟ ತುಂಬಿಸಿದೆವು. ಮೊಬೈಲಿನಲ್ಲಿ ಭಾಗಾಕಾರ ಮಾಡಿದವಳು ನಾನೇ. ಒಂಬತ್ತು ಚಿಲ್ಲರೆ. ಎರಡಂಕಿ ಬಂದಿರಲಿಲ್ಲ. ಮೊಬೈಲನ್ನು ಅಕ್ಕನ ಮುಂದೆ ಹಿಡಿದೆ. ಯಜಮಾನರು ಮಸಿ ಮೆತ್ತಿದ ಪಂಚೆಯಲ್ಲಿ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತಿದ್ದರು, ಸಾಕಿದ್ದನ್ನು ಸಂತೆಗೆ ಕಳಿಸುವವರ ಹಾಗೆ.

ಅಕ್ಕ ತಮ್ಮ ಫೋನು ತೆಗೆದು ಮೈಸೂರಿಗೆ ಹಚ್ಚಿದರು.

“ಅಲೋ, ನಾಳೀಕ್ ಬರ್ಬ್ಯಾಡಿ. ಗಾಡಿ ಕೊಡಾಕಿಲ್ಲ... ಎಷ್ಟ್ ಕೊಟ್ರೂ ಕೊಡಾಕಿಲ್ಲ... ಮೈಲೇಜಾ? ಮೈಲೇಜ್ ಕಟ್ಕಂಡ್ ನಿಮ್ಗೇನಾಗ್ಬೇಕು? ಫೋನ್ ಮಡುಗ್ರಿ.”

ಯಜಮಾನರ ಕಣ್ಣು ತುಂಬಿಕೊಂಡಿತು. ಅಕ್ಕ ಅತ್ತ ನೋಡದೆ ನನ್ನ ಕಡೆ ತಿರುಗಿದರು.

“ಇವ್ರ್ ಕುಂತ್ರೆ ನೀನ್ ಮಾಡಿದ್ದಂಗೆ, ನಾನ್ ಕುಂತ್ರೆ ಮೊದ್ಲಿದ್ದಂಗೆ, ಎರಡೂ ಇರ ಅಂಗೆ ಮಾಡಾಕಾಯ್ತದಾ?”

“ಆಯ್ತದೆ ಅಕ್ಕ” ಅಂದೆ. ನಿಜವಾಗಲೂ ಆಗುತ್ತದೆ. ಎರಡು ಲೆಕ್ಕವನ್ನೂ ಒಳಗಿಟ್ಟು, ಸ್ಟಿಯರಿಂಗಿನ ಮೇಲಿನ ಗುಂಡಿಗಳನ್ನು ಒಂದು ಕ್ರಮದಲ್ಲಿ ಒತ್ತಿದರೆ ಒಂದರಿಂದ ಇನ್ನೊಂದಕ್ಕೆ ಬದಲಾಗುವ ಹಾಗೆ ಮಾಡಿಕೊಟ್ಟೆ. ಒತ್ತುವ ಕ್ರಮವನ್ನು ಅಕ್ಕನ ಕಿವಿಯಲ್ಲಿ ಹೇಳಿದೆ.

ಅಂದಿನಿಂದ ಯಜಮಾನರ ಕೈಯಲ್ಲಿ ಆ ಕಾರು ಹನ್ನೆರಡರ ಕೆಳಗೆ ಇಳಿದಿಲ್ಲ. ಇದನ್ನು ಬರೆಯಲೇಬೇಕು, ನನ್ನ ಕೆಲಸದಲ್ಲಿ ಕೊರತೆಯಿರಲಿಲ್ಲ ಅಂತ ಎಲ್ಲರಿಗೂ ತಿಳಿಯಲಿ. ಸಂಜೆ ಯಳಂದೂರು ರಸ್ತೆಯ ಕಡೆಯಿಂದ ಪಟಾರ್ ಅಂತ ಕೇಳಿದರೆ ಟೀ ಅಂಗಡಿಯವರು “ಅಕ್ಕಾರು ಬಂದ್ರು ಕಣ್ಲಾ” ಅಂತ ಬೈಕುಗಳನ್ನು ಪಕ್ಕಕ್ಕೆ ಎಳೆದುಕೊಳ್ಳುತ್ತಾರೆ.

ಯಜಮಾನರು ಮಾತ್ರ ತಿಂಗಳಿಗೊಮ್ಮೆ ನನ್ನ ಅಂಗಡಿಗೆ ಬರುತ್ತಾರೆ. “ನಂಗೊಬ್ನಿಗೆ ಯೋಳ್ಕೊಡವ್ವ, ಯಾವ ಗುಂಡಿ ಅಂತ. ಯಾರ್ಗೂ ಯೋಳಾಕಿಲ್ಲ.”

“ಗಾಡಿ ಅಕ್ಕನ ಹೆಸರಲ್ಲಿ ಅದೆ ಅಣ್ಣ. ಅವ್ರು ಹೇಳಿದ್ರೆ ಹೇಳ್ತೀನಿ” ಅನ್ನುತ್ತೇನೆ.

ಅವರೂ ಪ್ರಯತ್ನ ಬಿಟ್ಟಿಲ್ಲ. ಹೋದ ವಾರ ಮದುವೆ ಮೆರವಣಿಗೆಯೊಂದು ನನ್ನ ಅಂಗಡಿಯ ಮುಂದೆ ಹಾದು ಹೋಯಿತು. ಸುಡುವ ಬಿಸಿಲು. ಪೇಟದ ಮದುಮಗ ಕತ್ತು ಬಗ್ಗಿಸಿಕೊಂಡು ಕೂತಿದ್ದ. ಪಕ್ಕದಲ್ಲಿ ಯಜಮಾನರು ಸ್ಟಿಯರಿಂಗಿನ ಗುಂಡಿಗಳನ್ನು ಒಂದಾದ ಮೇಲೊಂದು ಒತ್ತುತ್ತಿದ್ದರು. ಸಿಕ್ಕಿದ ಗುಂಡಿ ಸಾಲದೆಂದು ಅಕ್ಕಪಕ್ಕದ ಕಡ್ಡಿಗಳನ್ನೂ ತಿರುಗಿಸುತ್ತಿದ್ದರು. ಕೆಂಪು ಕಾರು ಸದ್ದಿಲ್ಲದೆ, ಎರಡು ವೈಪರುಗಳನ್ನೂ ಜೋರಾಗಿ ಆಡಿಸುತ್ತಾ, ಗಾಜಿಗೆ ನೀರು ಚಿಮ್ಮಿಸಿಕೊಳ್ಳುತ್ತಾ, ವಾಲಗದ ಹಿಂದೆ ಹೋಯಿತು.