ಹುಗ್ಗಿ ಮಡಿವಾಳೆಪ್ಪ ಮಗ್ಗಕ್ಕೆ ಇಳಿದದ್ದು

ಸುಟ್ಟ ತುಟಿಯನ್ನು ನೆಕ್ಕದವನು ಯಾವನಿದ್ದಾನೆ, ತೋರಿಸಿ! ದೇಗಾಂವದ ಮಡಿವಾಳೆಪ್ಪ ಇವತ್ತಿಗೂ ಕಂಡವರನ್ನೆಲ್ಲ ಇದೊಂದೇ ಪ್ರಶ್ನೆ ಕೇಳುತ್ತಾನೆ. ಕೇಳುವಾಗ ಕಣ್ಣು ಕೆಂಡ. ಯಾರೂ ಉತ್ತರ ಕೊಟ್ಟಿಲ್ಲ. ಕೊಡುವುದೇನು, ಉತ್ತರ ಎಲ್ಲರಿಗೂ ಗೊತ್ತೇ ಇದೆ. ಆದರೂ ಅವನ ಬಾಳು ಹಾಳಾದದ್ದು ಅಷ್ಟಕ್ಕೇ.

ಅವನು ಅಡಿಗೆಯವನು. ಕಿತ್ತೂರು, ಬೈಲಹೊಂಗಲ, ಯರಗಟ್ಟಿ ಸೀಮೆಯಲ್ಲಿ ಎಲ್ಲಿ ದೊಡ್ಡ ಪಂಕ್ತಿ ಕೂತರೂ ಒಲೆಯ ಮುಂದೆ ಅವನೇ ನಿಲ್ಲಬೇಕು. ಇಪ್ಪತ್ತು ವರ್ಷ ನಿಂತ. ಅವನ ಗೋಧಿ ಹುಗ್ಗಿ ಉಂಡವರು ಮುಂದಿನ ಲಗ್ನದ ತನಕ ಅದನ್ನೇ ಮಾತಾಡುತ್ತಿದ್ದರು. ಹಾಗಾಗಿ ಹುಗ್ಗಿ ಮಡಿವಾಳೆಪ್ಪ ಎಂದೇ ಹೆಸರಾಯಿತು. ಕಾದ ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಲಿ ಎತ್ತುತ್ತಿದ್ದ, ಕುದಿಯುವ ಪಾತ್ರೆಯನ್ನು ಹಿಡಿಯಲು ಅರಿವೆಯ ತುಂಡೂ ಇಲ್ಲದೆ ಇಳಿಸುತ್ತಿದ್ದ. ಬೆರಳ ತುದಿಗಳು ಸುಟ್ಟು ಸುಟ್ಟು ಎತ್ತಿನ ಗೊರಸಿನ ಹಾಗೆ ಆಗಿದ್ದವು.

ಆ ಒಲೆಗಳಿಗೆ ಒಂದು ಕಟ್ಟಳೆ. ಅಯ್ಯನವರು ಪೂಜೆ ಮುಗಿಸಿ, ಎಡೆ ಹಿಡಿದು, ಮೊದಲ ತುತ್ತು ತೆಗೆದುಕೊಳ್ಳುವವರೆಗೆ ಅಡಿಗೆಯವನು ಏನನ್ನೂ ನಾಲಿಗೆಗೆ ಹಚ್ಚುವಂತಿಲ್ಲ. ಉಪ್ಪನ್ನು ಮೂಗಿನಿಂದ ತಿಳಿಯಬೇಕು. ಬೆಲ್ಲವನ್ನು ತಿರುವುವ ಹುಟ್ಟಿನಿಂದ ಇಳಿಯುವ ಪಾಕ ನೋಡಿ ತಿಳಿಯಬೇಕು. ಮಡಿವಾಳೆಪ್ಪ ಹಾಗೆಯೇ ತಿಳಿಯುತ್ತಿದ್ದ, ಒಂದು ದಿನವೂ ತಪ್ಪಿದವನಲ್ಲ.

ಬರ ಕಳೆದ ಮರುವರ್ಷ, ಎಪ್ಪತ್ನಾಲ್ಕರ ಬೇಸಿಗೆಯಲ್ಲಿ ಬೈಲಹೊಂಗಲದ ನಿಜಗುಣಪ್ಪ ಸಾವುಕಾರರ ಮಗಳ ಲಗ್ನ. ಕೊಪ್ಪರಿಗೆಯಲ್ಲಿ ಹುಗ್ಗಿ ಕೊತಕೊತ ಕುದಿಯುತ್ತಿತ್ತು. ಮಡಿವಾಳೆಪ್ಪ ಬಗ್ಗಿ ತಿರುವುತ್ತಿದ್ದಾಗ ಒಂದು ಗುಳ್ಳೆ ಒಡೆದು ಬೆಲ್ಲದ ಪಾಕ ಅವನ ಕೆಳತುಟಿಗೆ ಸಿಡಿಯಿತು. ನಾಲಿಗೆ ಇವನನ್ನು ಕೇಳಿಕೊಂಡು ಹೋಗುತ್ತದೆಯೆ? ಹೋಯಿತು, ನೆಕ್ಕಿತು. ಎದುರಿಗೆ ಅವನ ಕೈಕೆಳಗೆ ಹತ್ತು ವರ್ಷ ಸೌಟು ಹಿಡಿದ ವೀರಪ್ಪ ನಿಂತಿದ್ದ.

"ಎಂಜಲಾತು! ಕೊಪ್ಪರಿಗಿ ಎಂಜಲಾತ್ರೆಪೋ!" ಎಂದು ವೀರಪ್ಪ ಹಂದರ ಹಾರಿಹೋಗುವ ಹಾಗೆ ಕೂಗಿದ.

ಜನ ಕೂಡಿತು. ಸಾವುಕಾರರು ಬಂದರು. ಅವರು ಕೆಟ್ಟವರೇನಲ್ಲ, ತಗ್ಗಿದ ದನಿಯಲ್ಲೇ ಹೇಳಿದರು, "ಮಡಿವಾಳೆಪ್ಪಾ, ತಪ್ಪಾತು ಅಂತ ಒಂದ್ ಮಾತ್ ಅನ್ನು. ಅಯ್ಯನವರು ವಿಭೂತಿ ಹಾಕಿ ಶುದ್ಧ ಮಾಡ್ತಾರ. ಮುಗೀತು."

"ತುಟಿ ಸುಟ್ಟದ್ದು ನಂದ್ರಿ. ತಪ್ಪೂ ನಂದ ಹೆಂಗ ಆಕ್ಕೈತ್ರಿ?"

"ಹಟಾ ಮಾಡಬ್ಯಾಡೋ ಮಾರಾಯಾ, ಬೀಗರು ಬಂದ್ ಕುಂತಾರ."

"ಬೀಗರಿಗೆ ವೀರಪ್ಪನ ಮಾಡಿ ಹಾಕ್ಲಿ. ಇನ್ನ ಈ ಜನ್ಮದಾಗ ಸೌಟ ಹಿಡಿದ್ರ ನಾ ನಮ್ಮಪ್ಪಗ ಹುಟ್ಟಿದಾಂವ ಅಲ್ಲ!"

ಹುಟ್ಟನ್ನು ಎಸೆದು ನಡೆದುಬಿಟ್ಟ. ಆ ಹುಗ್ಗಿಯನ್ನು ಎತ್ತುಗಳಿಗೆ ಹಾಕಿದರು. ಹಿಂದಿನ ವರ್ಷ ಜೋಳದ ನುಚ್ಚಿಗೆ ಪರದಾಡಿದ ಊರು ಅದು! ಅಂದಿನಿಂದ ಆ ಸೀಮೆಯ ಒಲೆಗಳೆಲ್ಲ ವೀರಪ್ಪನವಾದವು.

ಮನೆಯಲ್ಲಿ ಹೆಂಡತಿ ಸೋಮವ್ವ ಅಳಲಿಲ್ಲ. "ಸೌಟ ಒಗದ್ರಿ, ಛಲೋ ಆತು. ನಾಳಿ ಒಲಿ ಮ್ಯಾಲೆ ಏನ್ ಕುದಸ್ಲಿ? ನಿಮ್ಮ ಸಿಟ್ಟಾ?" ಎಂದಳು.

ಬೈಲಹೊಂಗಲದ ಹತ್ತಿ ಗಿರಣಿಯೊಂದರಲ್ಲಿ ಹತ್ತಿ ತುಂಬಿದ ಅಂಡಿಗೆ ಹೊರಲು ಹೋದ. ಹತ್ತಿಯ ಧೂಳಿಗೆ ಕೆಮ್ಮು ಹತ್ತಿತು, ಮುಕಾದಮನ ಜೊತೆ ಜಗಳವೂ ಹತ್ತಿತು. ಕಿತ್ತೂರಿನ ಹೆದ್ದಾರಿಯಲ್ಲಿ ಲಾರಿಗಳ ಗಾಲಿ ಬಿಚ್ಚುವ ಕೆಲಸಕ್ಕೆ ನಿಂತ. ಅಲ್ಲಿ ಒಬ್ಬ ಡ್ರೈವರ್ "ಏ ಹುಗ್ಗಿ" ಎಂದು ಕರೆದ. ಅವನ ಕೊರಳಪಟ್ಟಿ ಹಿಡಿದ, ಆ ಕೆಲಸವೂ ಹೋಯಿತು. ಕೊನೆಗೆ ಗಂಡ ಹೆಂಡತಿ ಗಂಟು ಕಟ್ಟಿಕೊಂಡು ರಾಮದುರ್ಗದ ಬಸ್ಸು ಹತ್ತಿದರು. ಅಲ್ಲಿ ಗಂಗಪ್ಪ ಎಂಬ ನೇಕಾರನಿದ್ದ. ಅವನ ಲಗ್ನಕ್ಕೆ ಅಡಿಗೆ ಮಾಡಿದವನು ಮಡಿವಾಳೆಪ್ಪನೇ. ಆ ಗುರುತಿನ ಮೇಲೆ ಹೋದರು.

ಗಂಗಪ್ಪ ಮರ್ಯಾದೆಯ ಮನುಷ್ಯ. ಪಡಸಾಲೆಯ ಮೂಲೆಯ ಕುಣಿಮಗ್ಗ ತೋರಿಸಿದ. "ನಮ್ಮಪ್ಪ ನೇಯತಿದ್ದ ಮಗ್ಗರಿ ಇದು. ಕುಣ್ಯಾಗ ಕಾಲಿಳಿಬಿಟ್ಟು ಕುಂದರ್ರಿ, ಕಲೀರಿ. ತಪ್ಪಿಲ್ಲದ್ದು ಒಂದ ಒಂದು ಸೀರಿ ನೇಯ್ದ್ ತೋರಸ್ರಿ ಮಡಿವಾಳೆಪ್ಪಣ್ಣಾರ, ಮಗ್ಗ ನಿಮ್ಮ ಕೈಗೆ. ಆಗದಿದ್ರ ದೀಪಾವಳಿ ಮುಂದ ಬ್ಯಾರೆಯವರನ್ನ ಕುಂದರಸ್ತೇನಿ. ನನಗೂ ಹೊಟ್ಟಿ ಐತಿ."

ಒಂದು ಸೀರೆ. ಅದಾದರೆ ಹೊಸ ಬಾಳು. ಆಗದಿದ್ದರೆ ದೇಗಾಂವಕ್ಕೆ ಮರಳಿ, ವೀರಪ್ಪನ ಕೈಕೆಳಗೆ ಈರುಳ್ಳಿ ಹೆಚ್ಚುವುದು.

ಕಲಿಸಲು ಕೂತವಳು ಗಂಗಪ್ಪನ ಸೋದರತ್ತೆ ಮಾಯವ್ವ. ಮುದುಕಿ, ಮಕ್ಕಳಿಲ್ಲದ ವಿಧವೆ. ಕಣ್ಣು ಮಂಜಾದ ಮೇಲೆ ಮಗ್ಗ ಬಿಟ್ಟು, ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಸೋಮವ್ವನೂ ಅವಳ ಪಕ್ಕದಲ್ಲಿ ಸುತ್ತಲು ಕೂತಳು. ಮಾಯವ್ವನ ಬಾಯಿ ಮಾತ್ರ ಮಂಜಾಗಿರಲಿಲ್ಲ.

"ಏ ತಮ್ಮಾ, ಲಾಳಿ ಒಗೀಬೇಕು, ಹುಟ್ಟ ಒಗದಂಗ ಅಲ್ಲ."

"ಮಾಯಕ್ಕಾರ, ಹುಟ್ಟಿನ ಸುದ್ದಿ ತಗೀಬ್ಯಾಡ್ರಿ."

"ಯಾಕ? ಇಲ್ಲೂ ಸಿಟ್ಟ ಮಾಡ್ತೀಯೇನು? ಮಾಡು. ನೂಲಿಗೆ ಕಿವಿ ಇಲ್ಲ."

ಕಾಲು ತುಳಿಯುವುದು ಬಂತು, ಲಾಳಿ ಓಡಿಸುವುದೂ ಬಂತು. ಆದರೆ ಮಗ್ಗಕ್ಕೆ ಉದ್ದಕ್ಕೆ ಹೂಡಿದ ನೂಲಿನ ಹಾಸಿನಲ್ಲಿ ಎಳೆ ಹರಿದರೆ ನೇಕಾರನ ಬೆರಳಿಗೆ ಅದು ತಾನಾಗಿ ತಿಳಿಯಬೇಕು. ಕಣ್ಣಿಗೆ ಕಾಣುವ ಹೊತ್ತಿಗೆ ನಾಲ್ಕು ಬೆರಳಗಲ ನೇಯ್ದು ಮುಗಿದಿರುತ್ತದೆ. ಮಡಿವಾಳೆಪ್ಪನ ಬೆರಳಿಗೆ ಏನೂ ತಿಳಿಯುತ್ತಿರಲಿಲ್ಲ. ನೂಲು ಇದೆಯೋ ಇಲ್ಲವೋ ಎಂಬುದೇ ತಿಳಿಯುತ್ತಿರಲಿಲ್ಲ. ಯಾವ ಕೈ ಅವನಿಗೆ ಹೆಸರು ತಂದಿತ್ತೋ ಅದೇ ಕೈ ಇಲ್ಲಿ ಕಟ್ಟಿಗೆ. ಮೊದಲ ಸೀರೆ ಜಾಲರಿ ಆಯಿತು. ಎರಡನೆಯದನ್ನು ಅರ್ಧಕ್ಕೆ ಕತ್ತರಿಸಿದರು.

ಶ್ರಾವಣದಲ್ಲಿ ನಿಜಗುಣಪ್ಪ ಸಾವುಕಾರರ ಆಳು ಭರಮಪ್ಪ ಹುಡುಕಿಕೊಂಡು ಬಂದ. "ಎರಡನೇ ಮಗಳ ಲಗ್ನ ಐತಿ. ವೀರಪ್ಪನ ಹುಗ್ಗಿ ತಳಾ ಹಿಡೀತೈತಂತ. ಬಂದು ಅಯ್ಯನವರಿಗೆ ತಪ್ಪಾತಂದ್ರ ಸಾವುಕಾರ್ರು ನಿಮ್ಮನ್ನ ಮತ್ತ ಒಲಿ ಮುಂದ ನಿಲ್ಲಸ್ತಾರ."

ಸೋಮವ್ವ ಕಂಡಿಕೆ ಬಿಟ್ಟು ಎದ್ದು ನಿಂತಳು. ಕೈ ಮುಗಿದಳು ಗಂಡನಿಗೆ. "ಒಂದ್ ಮಾತ್ ಅಂದ್ ಬಿಡ್ರಿ. ಯಾರಪ್ಪಂದೇನ್ ಹೋಗ್ತೈತಿ?"

"ನಮ್ಮಪ್ಪಂದು ಹೋಗ್ತೈತಿ" ಎಂದ ಮಡಿವಾಳೆಪ್ಪ. ಭರಮಪ್ಪನನ್ನು ನೀರು ಬೇಕೇ ಎಂದೂ ಕೇಳದೆ ಹೊರಗೆ ಕಳಿಸಿದ. ಆ ದಿನ ಸೋಮವ್ವ ಉಣ್ಣಲಿಲ್ಲ, ಇವನೂ ಉಣ್ಣಲಿಲ್ಲ.

ಮರುದಿನ ಬಚ್ಚಲಲ್ಲಿ ಹಿಮ್ಮಡಿ ತಿಕ್ಕುವ ಕಲ್ಲು ತೆಗೆದುಕೊಂಡು ಬೆರಳ ತುದಿ ತಿಕ್ಕತೊಡಗಿದ. ದಿನಾ ತಿಕ್ಕಿದ. ಗಡಸು ಚರ್ಮ ಪದರು ಪದರಾಗಿ ಎದ್ದಿತು. ಒಂದು ಮುಂಜಾನೆ ನೂಲು ಮುಟ್ಟಿದರೆ, ಅಯ್ಯೋ, ತಿಳಿಯಿತು! ಕೂದಲೆಳೆಯಷ್ಟು ಸಣ್ಣಗೆ ತಿಳಿಯಿತು. ಮಗುವಿನ ಹಾಗೆ ಕೂಗಿದ, "ಮಾಯಕ್ಕಾರ, ತಿಳೀತ್ರಿ!" ಅವತ್ತು ಅವನು ನಕ್ಕದ್ದು. ಆಮೇಲೆ ನಕ್ಕದ್ದನ್ನು ಯಾರೂ ಕಂಡಿಲ್ಲ.

ಮೂರನೆಯ ಸೀರೆಗೆ ಕೂತ. ಹಳದಿ ಒಡಲು, ಕೆಂಪು ದಡಿ. ಎಳೆ ಹರಿದಾಗಲೆಲ್ಲ ನಿಲ್ಲಿಸಿ ಗಂಟು ಹಾಕಿದ. ಸೆರಗಿಗೆ ಬರುವ ತನಕ ಒಂದು ತಪ್ಪಿಲ್ಲ. ಆದರೆ ತಿಕ್ಕಿ ತೆಳ್ಳಗಾದ ಚರ್ಮ ನೂಲಿನ ಉಜ್ಜಾಟಕ್ಕೆ ಒಡೆಯಿತು. ಕೆಲಸದ ಗುಂಗಿನಲ್ಲಿ ಅವನಿಗೆ ಉರಿಯೂ ಗೊತ್ತಾಗಲಿಲ್ಲ. ಸಂಜೆ ಮಗ್ಗಕ್ಕೆ ಸುತ್ತಿದ ಬಟ್ಟೆ ಬಿಚ್ಚಿ ನೋಡಿದರೆ ಹಳದಿಯ ಮೇಲೆ ಸಾಲಾಗಿ ರಕ್ತದ ಕಲೆ. ತೊಳೆದರು, ಕಂದು ಉಳಿಯಿತು. ಇನ್ನಷ್ಟು ತೊಳೆದರು, ಬಣ್ಣ ಬಿಟ್ಟಿತು.

ದೀಪಾವಳಿ ಎದುರಿಗೇ ಇತ್ತು. ಮಡಿವಾಳೆಪ್ಪ ಕುಣಿಯ ಅಂಚಿಗೆ ಕೂತು ಗೋಡೆ ನೋಡುತ್ತಿದ್ದ. ಮಾಯವ್ವ ಒಳಗೆ ಹೋಗಿ ತನ್ನ ಟ್ರಂಕು ತೆರೆದಳು. ಒಂದು ಸೀರೆ ತಂದು ಅವನ ತೊಡೆಯ ಮೇಲಿಟ್ಟಳು. ಹಳದಿ ಒಡಲು, ಕೆಂಪು ದಡಿ. ಕಣ್ಣಿದ್ದಾಗ ಅವಳು ತನಗಾಗಿ ನೇಯ್ದು ಇಟ್ಟುಕೊಂಡದ್ದು, ಸತ್ತಾಗ ಉಡಿಸಲೆಂದು.

"ಇದನ್ನ ಗಂಗಪ್ಪಗ ತೋರಸು."

"ಬ್ಯಾಡ್ರಿ. ನಿಮ್ಮ ಕಡೀ ಸೀರಿ ಅದು."

"ನಾ ಏನ್ ನಾಳೇನ ಸಾಯಾಕತ್ತೇನೇನು? ದಾನಾ ಅಲ್ಲ, ಕೈಗಡ. ನಿನ್ನ ಕೈಲೆ ಇಂಥಾದ್ದು ನೇಯ್ದು ತಿರುಗಿ ಕೊಡಬೇಕು. ತಪ್ಪಿದ್ರ ತಗೊಳ್ಳೂದಿಲ್ಲ, ಈಗ ಹೇಳಿರ್ತೇನಿ. ತಪ್ಪಿನ ಸೀರಿ ಉಟ್ಟು ಮ್ಯಾಲೆ ಹೋದ್ರ ಅಲ್ಲಿ ನಮ್ಮವ್ವ ಬಾಸುಂಡಿ ಬರೂವಂಗ ಬಡೀತಾಳ."

ಗಂಗಪ್ಪ ಸೀರೆಯನ್ನು ಬೆಳಕಿಗೆ ಹಿಡಿದ. ಮೂಸಿದ. ಟ್ರಂಕಿನ ಬೇವಿನೆಲೆಯ ವಾಸನೆ ಯಾರಿಗೆ ಗೊತ್ತಾಗುವುದಿಲ್ಲ? ಅತ್ತೆಯನ್ನು ನೋಡಿದ. ಅವಳು ಕಂಡಿಕೆ ಸುತ್ತುತ್ತಲೇ ಇದ್ದಳು.

"ನೂಲು ಸ್ವಲ್ಪ ಹಳೇದು ಇದ್ದಂಗ ಕಾಣತೈತಿ" ಎಂದ.

"ನಿನ್ನ ಕಣ್ಣೂ ಮಂಜಾಗಾಕತ್ತಾವೇನೋ" ಎಂದಳು ಮಾಯವ್ವ.

ಗಂಗಪ್ಪ ಮಡಚಿ ಅವಳ ಕೈಗೇ ಕೊಡಬಹುದಿತ್ತು. ಕೊಡಲಿಲ್ಲ. ತಪ್ಪಿಲ್ಲದ ಸೀರೆ ಎಂದ ಮೇಲೆ ಅದು ಪೇಟೆಗೆ ಹೋಗಬೇಕು, ಹೋಯಿತು. ಮಗ್ಗ ಮಡಿವಾಳೆಪ್ಪನದಾಯಿತು.

ಇಲ್ಲಿಗೆ ಕತೆ ನೆಟ್ಟಗಾಗಬೇಕಿತ್ತು. ಆಗಲಿಲ್ಲ. ಚರ್ಮ ತಿಕ್ಕಿದರೆ ರಕ್ತ, ಬಿಟ್ಟರೆ ಮತ್ತೆ ಗೊರಸು. ನಡುವಿನ ಹದ ಅವನಿಗೆ ಸಿಕ್ಕಲೇ ಇಲ್ಲ. ಪಂಚೆ, ಒರಟು ಹಾಸಿಗೆಬಟ್ಟೆ ನೇಯ್ದು ಹೊಟ್ಟೆ ಹೊರೆದ. ಅಷ್ಟರಲ್ಲಿ ಇಚಲಕರಂಜಿಯ ವಿದ್ಯುತ್ ಮಗ್ಗದ ಮಾಲು ಯರಗಟ್ಟಿಯ ಸಂತೆಯಲ್ಲೂ ರಾಶಿ ಬಿತ್ತು. ಓಣಿಯಲ್ಲಿ ಒಂದೊಂದೇ ಮಗ್ಗದ ಸದ್ದು ನಿಂತಿತು. ಮಡಿವಾಳೆಪ್ಪನದು ನಿಲ್ಲಲಿಲ್ಲ, ಬೇರೆ ಗತಿ ಇರಲಿಲ್ಲ. ವರ್ಷಕ್ಕೊಮ್ಮೆ ಮಾಯವ್ವನಿಗೆಂದು ಹಳದಿ ಹಾಸು ಹೂಡುತ್ತಿದ್ದ. ಮುಗಿಸಿ ಅವಳ ಮುಂದೆ ಹಾಸುತ್ತಿದ್ದ. ಕಣ್ಣು ಪೂರ್ತಿ ಹೋದವಳು ಅಂಗೈ ಆಡಿಸುತ್ತ ಹೋಗಿ ಒಂದು ಕಡೆ ನಿಲ್ಲಿಸುತ್ತಿದ್ದಳು.

"ಇಲ್ಲೈತಿ ನೋಡು. ಎಳಿ ಹೋಗೈತಿ."

"ಮಾಯಕ್ಕಾರ, ಒಂದ ಎಳಿರೀ..."

"ಒಂದ ಇರಲಿ. ಇದನ್ನ ಮಾರಿಕೋ. ಮುಂದಿಂದು ಕೊಡು. ನಾ ಕಾಯತೇನಿ."

ಎಪ್ಪತ್ತೆಂಟರ ಮಾಘದಲ್ಲಿ ಅವಳು ಕಾಯಲಿಲ್ಲ. ಮೂರು ದಿನದ ಜ್ವರ, ಅಷ್ಟೇ. ಸೀರೆ ಮಗ್ಗದ ಮೇಲೆ ಅರ್ಧಕ್ಕಿತ್ತು. ಅರ್ಧ ಸೀರೆ ಯಾರಿಗೆ ಉಡಿಸುತ್ತಾರೆ? ಗಂಗಪ್ಪ ಪೇಟೆಗೆ ಓಡಿ ಇಚಲಕರಂಜಿಯ ಸೀರೆ ತಂದ. ಅದನ್ನೇ ಉಡಿಸಿ ಕೂರಿಸಿದರು, ಹೂಳಿದರು.

ಮಡಿವಾಳೆಪ್ಪ ಮಣ್ಣು ಮಾಡಿ ಬಂದು ಮಿಂದು ಮಗ್ಗಕ್ಕಿಳಿದ. ಸೋಮವ್ವ, "ಇನ್ನ ಯಾರಿಗ್ರೀ ಅದು?" ಎಂದಳು. ಅವನು ಲಾಳಿ ಓಡಿಸಿದ. ಉಳಿದರ್ಧ ನೇಯ್ದು ಮುಗಿಸಿ, ಬಟ್ಟೆಯ ಮೇಲೆ ಅಂಗೈ ಆಡಿಸಿದ. ತಪ್ಪಿದೆಯೋ ಇಲ್ಲವೋ, ಅವನ ಕೈಗೆ ತಿಳಿಯಲಿಲ್ಲ. ತಿಳಿಸುವವಳು ಇರಲಿಲ್ಲ. ಕೊಡಬೇಕಾದ್ದು ಕೊಡಬೇಕಾಗಿಯೇ ಉಳಿಯಿತು.