ತೊಡೆಯ ಮೇಲಿದ್ದ ಕ್ಯಾನಿಗೆ ಬೆಂಕಿ

ಬೈಕಿನ ಹಿಂಬದಿ ಕುಳಿತಿದ್ದ ಹೆಂಗಸಿನ ತೊಡೆಯ ಮೇಲೆ ಪ್ಲಾಸ್ಟಿಕ್ ಕ್ಯಾನು ತುಂಬುತ್ತಿತ್ತು. ಚಟ್ಟೆಂದು ಕಿಡಿ ಹಾರಿ ಅದರ ಬಾಯಲ್ಲಿ ಉರಿ ಎದ್ದಿತು. ಪಟಾನ್‌ಚೆರು ರಸ್ತೆಯ ಆ ಪೆಟ್ರೋಲ್ ಬಂಕಿನಲ್ಲಿ ಅವರ ಹಿಂದೆಯೇ ಪುಟ್ಟ ಮಗಳನ್ನು ಮುಂದೆ ನಿಲ್ಲಿಸಿಕೊಂಡ ನನ್ನ ಸ್ಕೂಟರ್ ಇತ್ತು. ಬಂಕಿನ ನೌಕರ ಪೆಟ್ರೋಲ್ ನಿಲ್ಲಿಸಿ, ಬೆಂಕಿ ಆರಿಸುವ ಸಿಲಿಂಡರ್ ತರಲು ಓಡಿದ.

ಹ್ಯಾಂಡಲ್ ಹಿಡಿದು ನಿಂತಿದ್ದ ಗಂಡ ಕೂಗಿದ: “ಒಗಿ ಅದನ್ನ, ಒಗಿ ಅಂದ್ನಿ!”

“ಎಲ್ಲಿ ಒಗೀಲ್ರಿ? ಸುತ್ತ ಮಂದಿ ನಿಂತಾರ, ಕಾಣಂಗಿಲ್ಲೇನ್ ನಿಮಗ?”

ಉರಿಯುವ ಕ್ಯಾನನ್ನು ಎರಡೂ ಕೈಯಲ್ಲಿ ಮುಂದೆ ಚಾಚಿ ಅವಳು ಅಲುಗದೆ ಕುಳಿತಳು. ನೌಕರ ಬಂದು ಬಿಳಿ ಪುಡಿ ಹಾರಿಸಿದ ಮೇಲೆ ಉರಿ ಆರಿತು.

ಇಬ್ಬರೂ ಯಾದಗಿರಿ ಕಡೆಯ ಕಟ್ಟಡ ಕೂಲಿಗಳು. ಕಾಂಕ್ರೀಟ್ ಕೂರಿಸುವ ಯಂತ್ರದ ಪೆಟ್ರೋಲ್ ಮುಗಿದು ಸ್ಲ್ಯಾಬ್ ಕೆಲಸ ಅರ್ಧಕ್ಕೆ ನಿಂತಿತ್ತಂತೆ. ಕ್ಯಾನನ್ನು ನೆಲದ ಮೇಲಿಟ್ಟೇ ತುಂಬಿಸಬೇಕು. ನೈಲಾನ್ ಸೀರೆಯ ಮೇಲಿಟ್ಟರೆ ಸ್ಥಿರ ವಿದ್ಯುತ್ತಿನ ಒಂದು ಕಿಡಿಗೆ ಪೆಟ್ರೋಲಿನ ಆವಿ ಹೊತ್ತಿಕೊಳ್ಳಬಹುದು. ಅವಸರಕ್ಕೆ ಅವಳು ಇಳಿದಿರಲಿಲ್ಲ, ನೌಕರನೂ ಇಳಿಸಿರಲಿಲ್ಲ. ಹಿಂದಿದ್ದ ನಾವೆಲ್ಲ ಹಾರ್ನ್ ಹೊಡೆಯುತ್ತಿದ್ದೆವು.

ಅವಳ ಬೆರಳುಗಳಲ್ಲಿ ಬೊಬ್ಬೆ ಎದ್ದಿತ್ತು. ಗಂಡ ಅದಕ್ಕೆ ನೀರು ಸುರಿಯುತ್ತಲೇ ನನ್ನನ್ನು ಕೇಳಿದ: “ಇಲ್ಲಿ ಹೊಸ ಕ್ಯಾನ್ ಎಲ್ಲಿ ಸಿಗ್ತದ್ರಿ ಸರ?”

ಅವಳು ಒಗೆದಿದ್ದರೆ ಕ್ಯಾನು ಬೀಳುತ್ತಿದ್ದುದು ಸ್ಕೂಟರಿನಲ್ಲಿ ನನ್ನ ಮುಂದೆ ನಿಂತಿದ್ದ ಮಗಳ ಮೇಲೆ. ಈಗ ಮಗಳನ್ನು ದೂರ ನಿಲ್ಲಿಸಿಯೇ ಪೆಟ್ರೋಲ್ ಹಾಕಿಸುತ್ತೇನೆ. ಆದರೂ ಮನೆ ಸೇರುವವರೆಗೆ ಜೀವಕ್ಕೆ ಸಮಾಧಾನವಿರುವುದಿಲ್ಲ.