ಹಿತ್ತಿಲಿಗೆ ಹೋದ ಒಲೆ

ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ, ಪದಗಳೂ ಸಾಲುವುದಿಲ್ಲ. ಓದುವವರು ತಪ್ಪುಗಳನ್ನು ಹೊಟ್ಟೆಗೆ ಹಾಕಿಕೊಳ್ಳಬೇಕು. ಇದು ನನ್ನ ಅಮ್ಮನ ವಿಷಯ.

ಪಕ್ಕದ ಬೀದಿಯ ಗ್ಯಾರೇಜಿನವರಿಗೆ ಅಮ್ಮ ಮಧ್ಯಾಹ್ನದ ಊಟ ಮಾಡಿ ಡಬ್ಬಿಗಳಲ್ಲಿ ಕಳಿಸುತ್ತಾಳೆ. ಮೊದಲೆಲ್ಲ ಅಡುಗೆಮನೆಯಲ್ಲೇ ಬೇಯಿಸುತ್ತಿದ್ದಳು. ತಾತನಿಗೆ ಒಣಕೆಮ್ಮು ಹತ್ತಿಕೊಂಡಿತು, ಮೆಟ್ಟಿಲೇರಿದರೆ ಏದುಸಿರು. "ಈ ಮಹಾರಾಯ್ತಿ ಮೆಣಸಿನಕಾಯಿ ಹುರಿದು ಹುರಿದೇ ನನ್ನನ್ನ ಮೇಲಕ್ಕೆ ಕಳಿಸ್ತಾಳೆ" ಎಂದು ಮನೆಗೆ ಬಂದವರಿಗೆಲ್ಲ ಹೇಳತೊಡಗಿದರು. ಒಂದು ದಿನ ಅಪ್ಪ ಒಲೆಯನ್ನೂ ಸಿಲಿಂಡರನ್ನೂ ಎತ್ತಿ ಹಿತ್ತಿಲಿನ ತಗಡಿನ ಚಪ್ಪರದಡಿ ಇಟ್ಟ. ಬಿಸಿಲಲ್ಲಿ ತಗಡು ಕಾದು ಕೆಂಡವಾಗುತ್ತಿತ್ತು. ಮಳೆ ಬಂದರೆ ಅಮ್ಮ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಸೌಟು ಹಿಡಿದು ನಿಲ್ಲುತ್ತಿದ್ದಳು.

ಒಲೆ ಹೋದರೂ ಕೆಮ್ಮು ಹೋಗಲಿಲ್ಲ. ತಾತ ಕೆಮ್ಮುತ್ತಲೇ ತಾರಸಿಗೆ ಹೋಗಿ ತಮ್ಮ ಪಾರಿವಾಳಗಳ ಗೂಡು ಗುಡಿಸಿ ಬರುತ್ತಿದ್ದರು. "ಗಾಳಿ ಈ ಕಡೆ ಬೀಸುತ್ತೆ" ಎಂದು ಅಮ್ಮನನ್ನೇ ಬೈಯುತ್ತಿದ್ದರು.

ಕೊನೆಗೆ ಡಾಕ್ಟರು ಎದೆಯ ಸಿಟಿ ಸ್ಕ್ಯಾನ್ ಮಾಡಿಸಿದರು. ಎಕ್ಸ್‌ರೇಯಲ್ಲಿ ಕಾಣದ್ದು ಅದರಲ್ಲಿ ಕಂಡಿತು: ಉಸಿರು ತಾಗಿದ ಕನ್ನಡಿಯ ಹಾಗೆ ಶ್ವಾಸಕೋಶದ ತುಂಬ ಮಸುಕು.

"ಮನೆಯಲ್ಲಿ ಹಕ್ಕಿ ಸಾಕಿದ್ದೀರಾ?"

ರಕ್ತಪರೀಕ್ಷೆಯೂ ಆಯಿತು. ಹಿಕ್ಕೆ, ಗರಿಗಳ ಧೂಳು ತಾತನ ಎದೆಗೆ ಒಗ್ಗಿರಲಿಲ್ಲ. "ಹಕ್ಕಿಗಳನ್ನ ಕೊಟ್ಟುಬಿಡಿ. ತಡ ಮಾಡಿದರೆ ಈ ಮಸುಕು ಗಟ್ಟಿಯಾಗಿ ಉಳಿದುಬಿಡುತ್ತೆ" ಎಂದರು ಡಾಕ್ಟರು.

"ಅಡುಗೆ ಹೊಗೆಯಿಂದ ಅಲ್ವಾ ಡಾಕ್ಟರೇ?" ಎಂದಳು ಅಮ್ಮ.

"ಅಲ್ಲಮ್ಮ."

"ಸ್ವಲ್ಪ ಜೋರಾಗಿ ಹೇಳಿ. ಮಾವನಿಗೆ ಕಿವಿ ಮಂದ."

ತಾತನ ಕಿವಿ ಚುರುಕಾಗಿಯೇ ಇದೆ.

ಮನೆಗೆ ಬಂದದ್ದೇ ತಾತ ಸಿಡಿದರು: "ಬಾಯಿಲ್ಲದ ಪ್ರಾಣಿ ಮೇಲೆ ಗೂಬೆ ಕೂರಿಸ್ತಾನೆ ಅವನು!" ಆದರೂ ಜೀವದ ಆಸೆ. ಹಕ್ಕಿ ಸಾಕುವವನೊಬ್ಬ ಬಂದು ಎಲ್ಲವನ್ನೂ ಬುಟ್ಟಿಯಲ್ಲಿ ತುಂಬಿಕೊಂಡು ಹೋದ.

ಅಮ್ಮ ಆ ಸಂಜೆ ಅಡುಗೆಮನೆಯ ಕಟ್ಟೆಯನ್ನು ಉಜ್ಜಿ ತೊಳೆದಳು. "ಒಲೆ ಒಳಗೆ ತರೋಣ್ವಾ?"

ಅಪ್ಪ ತಲೆ ಎತ್ತಲಿಲ್ಲ. "ಹಕ್ಕಿ ಹೋಗಿ ಅಪ್ಪ ಮೊದಲೇ ನೊಂದಿದ್ದಾರೆ. ಈಗ ಒಲೇನೂ ತಂದರೆ ಹಂಗಿಸಿದ ಹಾಗೆ ಆಗುತ್ತೆ. ಅಲ್ಲೇ ಇರಲಿ ಬಿಡು, ನಿನಗೆ ಅಭ್ಯಾಸ ಆಗಿದೆಯಲ್ಲ."

ಬರಬರುತ್ತ ತಾತನ ಕೆಮ್ಮು ಇಳಿಯಿತು. ಇವತ್ತು ಅತ್ತೆ, ಅಂದರೆ ಅಪ್ಪನ ಅಕ್ಕ, ನೋಡಲು ಬಂದಿದ್ದಳು. "ಪರವಾಗಿಲ್ವೇ, ಗೆಲುವಾಗಿದ್ದೀಯಲ್ಲಪ್ಪ!" ಎಂದಳು.

"ಒಲೆ ಹೊರಗೆ ಹಾಕಿದ್ದು ಈಗ ಗುಣ ಕೊಡ್ತಾ ಇದೆ ನೋಡು" ಎಂದರು ತಾತ.

ನೀರು ತಂದಿದ್ದ ಅಮ್ಮ ಲೋಟವನ್ನು ಕೆಳಗಿಟ್ಟು ಹಿತ್ತಿಲಿಗೆ ಹೋದಳು. ಅಪ್ಪ ಅಲ್ಲೇ ಇದ್ದ.

ನಾಳೆ ಬೆಳಿಗ್ಗೆ, ಅಮ್ಮ ಏಳುವ ಮೊದಲು, ಒಲೆಯನ್ನು ನಾನು ಒಳಗೆ ತಂದಿಡುತ್ತೇನೆ.